ವಿಮರ್ಶಕನ ಮೌನ: ಮ್ಯಾಥಿಸನ್ ಮತ್ತು ಚೇನಿಯ ಪತ್ರಗಳು

ಸಾಹುಕಾರರ ಮನೆಯಲ್ಲಿ ಹುಟ್ಟಿದ ಇಬ್ಬರು ಬಿಳಿಯ ಅಮೆರಿಕನ್ನರು ಒಬ್ಬರಿಗೊಬ್ಬರು ಬರೆದ ಪ್ರೇಮಪತ್ರಗಳನ್ನು ನಾವು ಯಾಕೆ ಓದಬೇಕು? ಕುಡಿಯುವ ನೀರಿಗೂ ಬಡಿದಾಡಬೇಕಾದ ಜನರ ನಡುವೆ ಕೆಲಸ ಮಾಡುವ ನಮಗೆ ಇದು ಹೊಟ್ಟೆ ತುಂಬಿದವರ ಕಥೆ ಅನ್ನಿಸುವುದು ಸಹಜ. ಆದರೂ ಓದಬೇಕು ಅಂತಲೇ ನಾವು ಹೇಳುತ್ತೇವೆ. ಈ ಇಬ್ಬರಲ್ಲಿ ಒಬ್ಬ ವಿಮರ್ಶಕ, ಸಮಾಜವಾದಿ, ಅಧ್ಯಾಪಕರ ಸಂಘಕ್ಕೆ ದುಡಿದವನು. ಪ್ರಜಾಪ್ರಭುತ್ವವನ್ನೇ ಅಳತೆಗೋಲು ಮಾಡಿಕೊಂಡು ಸಾಹಿತ್ಯವನ್ನು ಅಳೆದವನು. ಅಂಥವನು ತನ್ನ ಬದುಕಿನ ಬಹುದೊಡ್ಡ ಸತ್ಯವನ್ನು ತನ್ನ ವಿಮರ್ಶೆಯಿಂದ ಹೊರಗಿಟ್ಟ. ಹೊರಗಿಡುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಫ್.ಓ. ಮ್ಯಾಥಿಸನ್ ಹುಟ್ಟಿದ್ದು 1902ರಲ್ಲಿ, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ. ಅಜ್ಜ ಸತುವಿನ ಕಾರ್ಖಾನೆ, ಗಡಿಯಾರದ ಕಾರ್ಖಾನೆ ನಡೆಸಿದ ಉದ್ಯಮಿ. ಮೊಮ್ಮಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದ. 1924ರಲ್ಲಿ ರಜೆ ಮುಗಿಸಿ ಆಕ್ಸ್‌ಫರ್ಡಿಗೆ ಹಿಂತಿರುಗುವಾಗ 'ಪ್ಯಾರಿಸ್' ಎಂಬ ಹಡಗಿನಲ್ಲಿ ಅವನಿಗೆ ರಸೆಲ್ ಚೇನಿ ಸಿಕ್ಕ. ಚೇನಿ ಚಿತ್ರಕಾರ. 1881ರಲ್ಲಿ ಹುಟ್ಟಿದವನು, ಅಂದರೆ ಇವನಿಗಿಂತ ಇಪ್ಪತ್ತು ವರ್ಷ ಹಿರಿಯ. ಕನೆಕ್ಟಿಕಟ್ ಪ್ರಾಂತ್ಯದಲ್ಲಿ ರೇಷ್ಮೆ ಗಿರಣಿಗಳಿದ್ದ ಮನೆತನ. ಕ್ಷಯ ರೋಗದಿಂದ ನರಳಿ ಎದ್ದ ಮೈ. ಹಡಗಿನ ಕೆಲವೇ ದಿನಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಚ್ಚಿಕೊಂಡರು. ಹಡಗಿಳಿದ ಮೇಲೆ ಒಬ್ಬ ಇಟಲಿಗೆ ಹೋದ, ಇನ್ನೊಬ್ಬ ಇಂಗ್ಲೆಂಡಿನಲ್ಲಿ ಉಳಿದ. ಚಳಿಗಾಲದ ರಜೆಯಲ್ಲಿ ಇಟಲಿಯಲ್ಲಿ ಮತ್ತೆ ಕೂಡಿದರು.

ರಜೆಯಲ್ಲಿ ಹುಟ್ಟಿದ ಪ್ರೀತಿ ರಜೆ ಮುಗಿದರೆ ಮುಗೀತು ಅನ್ನೋದು ಲೋಕದ ಮಾತು. ಇದು ಹಾಗಾಗಲಿಲ್ಲ. 1945ರಲ್ಲಿ ಚೇನಿ ಸಾಯುವವರೆಗೆ, ಇಪ್ಪತ್ತು ವರ್ಷಕ್ಕೂ ಮೇಲೆ, ಇಬ್ಬರೂ ಕೂಡಿ ಬಾಳಿದರು. ಮೇಯ್ನ್ ಪ್ರಾಂತ್ಯದ ಕಿಟರಿಯಲ್ಲಿ, ಕಡಲ ಪಕ್ಕ, ಮನೆ ಮಾಡಿದರು. ಮ್ಯಾಥಿಸನ್ 1929ರಿಂದ ಹಾರ್ವರ್ಡಿನಲ್ಲಿ ಮೇಷ್ಟರು. ದೂರ ಇದ್ದಾಗಲೆಲ್ಲ ಪತ್ರ. ಹಾಗೆ ಬರೆದುಕೊಂಡ ಪತ್ರಗಳು ಮೂರು ಸಾವಿರಕ್ಕೂ ಹೆಚ್ಚು. ಚೇನಿಗೆ 'ಇಲಿ' ಅಂತ ಅಡ್ಡ ಹೆಸರು, ಮ್ಯಾಥಿಸನ್‌ಗೆ 'ದೆವ್ವ'. ಅವರ ಗೆಳೆಯ ಲೂಯಿ ಹೈಡ್ ಈ ಪತ್ರಗಳಿಂದ ಆಯ್ದು 'ರ‍್ಯಾಟ್ ಅಂಡ್ ದ ಡೆವಿಲ್' ಎಂಬ ಪುಸ್ತಕವಾಗಿ ಹೊರತಂದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಇಬ್ಬರೂ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಈ ಪತ್ರಗಳಲ್ಲಿ ನಮ್ಮನ್ನು ಮೊದಲು ತಟ್ಟುವುದು ಭಾಷೆಯ ಬಡತನ. ಇಬ್ಬರೂ ಓದಿದವರು, ಕಲೆ ಬಲ್ಲವರು. ಆದರೂ ತಮಗೆ ಆದದ್ದನ್ನು ಹೇಳಿಕೊಳ್ಳೋಕೆ ಅವರಿಗೆ ಮಾತಿಲ್ಲ. ಚರ್ಚು ಕೊಟ್ಟ ಹೆಸರು ಪಾಪ. ಕಾನೂನು ಕೊಟ್ಟ ಹೆಸರು ಅಪರಾಧ. ವೈದ್ಯರು ಕೊಟ್ಟ ಹೆಸರು ರೋಗ. ತಮ್ಮದೇ ಹೆಸರು ಹುಡುಕುತ್ತ ಮ್ಯಾಥಿಸನ್ ಹ್ಯಾವ್‌ಲಾಕ್ ಎಲಿಸ್‌ನನ್ನು ಓದುತ್ತಾನೆ, ಎಡ್ವರ್ಡ್ ಕಾರ್ಪೆಂಟರ್‌ನನ್ನು ಓದುತ್ತಾನೆ. ಕೊನೆಗೆ ಕವಿ ವಾಲ್ಟ್ ವ್ಹಿಟ್ಮನ್‌ನಲ್ಲಿ ತನ್ನಂಥವರ ಮಾತು ಸಿಕ್ಕಿತು ಅಂತ ಹಿಗ್ಗುತ್ತಾನೆ. ಚೇನಿಗೆ ಅಷ್ಟು ಧೈರ್ಯ ಬರುವುದಿಲ್ಲ. ದೇಹದ ಸಂಬಂಧ ಬಿಟ್ಟುಬಿಡೋಣ, ಬರೀ ಸ್ನೇಹಿತರಾಗಿ ಇರೋಣ ಅಂತ ಒಂದು ಸಲ ಬರೆಯುತ್ತಾನೆ. ತನ್ನ ಮೈಯನ್ನೇ ಮೈಲಿಗೆ ಅಂದುಕೊಳ್ಳುವ ಹಾಗೆ ಒಬ್ಬ ಮನುಷ್ಯನಿಗೆ ಕಲಿಸಿದವರು ಯಾರು? ಈ ಪ್ರಶ್ನೆ ನಮಗೆ ಹೊಸದಲ್ಲ.

ಇನ್ನು ಮನಸ್ಸಿನ ಕಾಯಿಲೆಯ ಮಾತು. ಚೇನಿಗೆ ಕುಡಿತ ಅಂಟಿಕೊಂಡಿತು. ಬಿಡುವುದು, ಮತ್ತೆ ಹಿಡಿಯುವುದು, ಚಿಕಿತ್ಸೆಗೆ ಹೋಗುವುದು, ಮತ್ತೆ ಜಾರುವುದು. ಮ್ಯಾಥಿಸನ್‌ಗೆ ಖಿನ್ನತೆ. 1938ರ ಡಿಸೆಂಬರಿನಲ್ಲಿ, ತನ್ನ ಬಹುದೊಡ್ಡ ಪುಸ್ತಕವನ್ನು ಬರೆಯುತ್ತಿದ್ದಾಗಲೇ, ಅವನು ಬಾಸ್ಟನ್ ಬಳಿಯ ಮ್ಯಾಕ್ಲೀನ್ ಮಾನಸಿಕ ಆಸ್ಪತ್ರೆ ಸೇರಬೇಕಾಯಿತು. ಚೇನಿ ಸತ್ತುಹೋದರೆ ತಾನು ಬದುಕುವುದು ಹೇಗೆ ಎಂಬ ಭಯ ಆಗಿನ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಮ್ಯಾಕ್ಲೀನ್ ಉಳ್ಳವರ ಆಸ್ಪತ್ರೆ ಅನ್ನೋದನ್ನೂ ಇಲ್ಲಿ ಹೇಳಿಬಿಡಬೇಕು. ಚೇನಿ ಮನೆತನದ ಗಿರಣಿಯಲ್ಲಿ ರೇಷ್ಮೆ ನೇಯುತ್ತಿದ್ದ ಕೂಲಿಗೆ ಅದೇ ಕಾಯಿಲೆ ಬಂದಿದ್ದರೆ ಸರ್ಕಾರಿ ಹುಚ್ಚಾಸ್ಪತ್ರೆಯೇ ಗತಿ. ಅವನು ಡೈರಿ ಬರೆಯುತ್ತಿರಲಿಲ್ಲ. ಬರೆದಿದ್ದರೂ ಯಾರೂ ಅಚ್ಚು ಹಾಕುತ್ತಿರಲಿಲ್ಲ.

ಆಸ್ಪತ್ರೆಯಿಂದ ಹೊರಬಂದು ಮುಗಿಸಿದ ಪುಸ್ತಕ 'ಅಮೆರಿಕನ್ ರಿನೈಸಾನ್ಸ್'. ಪ್ರಕಟವಾದದ್ದು 1941ರಲ್ಲಿ. ಅದಕ್ಕೆ ಮೊದಲು, 1935ರಲ್ಲಿ, ಟಿ.ಎಸ್. ಎಲಿಯಟ್ ಮೇಲೆ ಪುಸ್ತಕ ಬರೆದು ಹೆಸರು ಮಾಡಿದ್ದ. ನಮ್ಮ ನವ್ಯರು ಎಲಿಯಟ್‌ನನ್ನು ಹೊತ್ತು ಮೆರೆಸಿದರು. ಎಲಿಯಟ್‌ನನ್ನು ಬಲ್ಲ ಈ ವಿಮರ್ಶಕ ಸಮಾಜವಾದಿಯಾಗಿದ್ದ ಎಂಬುದನ್ನು ನಾವು ನೆನಪಿಡಬೇಕು. ಹೊಸ ಪುಸ್ತಕದಲ್ಲಿ ಅವನು 1850ರಿಂದ 1855ರವರೆಗಿನ ಬರವಣಿಗೆಯನ್ನು ನಡುವೆ ಇಟ್ಟುಕೊಂಡು ಎಮರ್ಸನ್, ಥೋರೋ, ಹಾಥಾರ್ನ್, ಮೆಲ್ವಿಲ್, ವ್ಹಿಟ್ಮನ್ ಎಂಬ ಐವರನ್ನು ಆರಿಸಿಕೊಂಡ. ಇವರನ್ನು ಒಂದು ದಾರಕ್ಕೆ ಪೋಣಿಸಿದ್ದು ಪ್ರಜಾಪ್ರಭುತ್ವದ ಮೇಲೆ ಇವರಿಗಿದ್ದ ನಂಬಿಕೆ ಅಂತ ವಾದಿಸಿದ. ಅಮೆರಿಕದ ಸಾಹಿತ್ಯವನ್ನು ಕಾಲೇಜುಗಳಲ್ಲಿ ಓದಿಸುವ ರೀತಿಯನ್ನೇ ಈ ಪುಸ್ತಕ ಬದಲಾಯಿಸಿತು. ಕೃತಿಯ ರೂಪವನ್ನೂ ಅದರ ಹಿಂದಿನ ಸಮಾಜವನ್ನೂ ಒಟ್ಟಿಗೆ ಓದುವುದು ಹೇಗೆ ಅಂತ ಅದರಿಂದ ಇವತ್ತಿಗೂ ಕಲಿಯಬಹುದು.

ಆದರೆ ವ್ಹಿಟ್ಮನ್ ಅಧ್ಯಾಯಕ್ಕೆ ಬನ್ನಿ. ಕವಿ ತನ್ನ ಮೈಯನ್ನು ಪ್ರೀತಿಗೆ ಒಪ್ಪಿಸಿ ಮಲಗುವ ಒಂದು ಭಾಗವಿದೆ. ಆ ಸಾಲುಗಳಲ್ಲಿ ಸಲಿಂಗ ಪ್ರೇಮದ, ರೋಗದ ಸುಳಿವಿದೆ ಎಂಬರ್ಥದ ಮಾತನ್ನು ಮ್ಯಾಥಿಸನ್ ಬರೆದು ಮುಂದೆ ಹೋಗುತ್ತಾನೆ. 1924ರಲ್ಲಿ ಯಾವ ಕವಿಯಿಂದ ತನ್ನ ಪ್ರೀತಿಗೆ ಮಾತು ಪಡೆದನೋ ಅದೇ ಕವಿಗೆ 1941ರಲ್ಲಿ ವೈದ್ಯರ ಚೀಟಿ ಅಂಟಿಸುತ್ತಾನೆ. ಹಾರ್ವರ್ಡಿನ ಮೇಷ್ಟರ ಕೈಯಲ್ಲಿ ಆ ಸಾಲು ಬರೆಸಿದ್ದು ಅವನ ಕಾಲದ ವೈದ್ಯಶಾಸ್ತ್ರ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದ್ದು 1973ರಲ್ಲಿ. ಅಷ್ಟು ಕಾಲ ವೈದ್ಯರ ಪಟ್ಟಿ ಮಾಡಿದ ಕೆಲಸ ನಮ್ಮಲ್ಲಿ ಸ್ಮೃತಿಗಳು ಮಾಡಿದ ಕೆಲಸವೇ: ಮನುಷ್ಯ ಹುಟ್ಟಿದ ಹಾಗೆ ಇರುವುದನ್ನೇ ಕಳಂಕ ಅಂತ ಬರೆದಿಡುವುದು.

ಆ ಪುಸ್ತಕದಲ್ಲಿ ಇನ್ನೂ ಒಂದು ಮೌನವಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ತನ್ನ ಎರಡನೆಯ ಆತ್ಮಕಥೆ ಪ್ರಕಟಿಸಿದ್ದು 1855ರಲ್ಲಿ, ವ್ಹಿಟ್ಮನ್‌ನ ಕವನ ಸಂಗ್ರಹ ಬಂದ ವರ್ಷವೇ. ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ 'ಅಂಕಲ್ ಟಾಮ್ಸ್ ಕ್ಯಾಬಿನ್' ಪುಸ್ತಕವಾಗಿ ಬಂದದ್ದು 1852ರಲ್ಲಿ. ಎರಡೂ ಅದೇ ಐದು ವರ್ಷಗಳ ಒಳಗೇ ಬಿದ್ದವು. ಪ್ರಜಾಪ್ರಭುತ್ವದ ಸಾಹಿತ್ಯ ಅಂತ ಕಟ್ಟಿದ ಚಪ್ಪರದಲ್ಲಿ ಬೇಡಿ ಹಾಕಿಸಿಕೊಂಡಿದ್ದವನಿಗೇ ಜಾಗವಿಲ್ಲ! ಈ ಎರಡು ಮೌನಗಳನ್ನು ನಾವು ಜೊತೆಗಿಟ್ಟು ನೋಡಬೇಕು. ತನ್ನ ಮೈಯ ಅನುಭವವನ್ನು ವಿಮರ್ಶೆಯ ಬಾಗಿಲ ಹೊರಗೆ ನಿಲ್ಲಿಸಿ ಬರುವುದನ್ನು ರೂಢಿ ಮಾಡಿಕೊಂಡವನಿಗೆ ಇತರರು ಹೊರಗೆ ನಿಂತಿರುವುದೂ ಕಾಣದೆ ಹೋಗಬಹುದು. ಒಳಗೆ ಉಳಿಯುವುದು 'ಮನುಷ್ಯ' ಎಂಬ ಒಂದು ಪದ. ಆ ಮನುಷ್ಯನಿಗೆ ಬಣ್ಣವಿಲ್ಲ, ಮೈಯಿಲ್ಲ, ಹೆಂಡತಿಯೋ ಗೆಳೆಯನೋ ಯಾರೂ ಇಲ್ಲ. ಅಂಥ ಮನುಷ್ಯ ಯಾವಾಗಲೂ ಮೇಲಿನವರ ಹಾಗೇ ಕಾಣುತ್ತಾನೆ.

ಹಾಗಾದರೆ ಮ್ಯಾಥಿಸನ್ ಸುಳ್ಳುಗಾರನೇ? ನಾವು ಹಾಗೆ ಹೇಳುವುದಿಲ್ಲ. ಅವನಿದ್ದ ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ಗಂಡು ಗಂಡಿನ ದೇಹ ಸಂಬಂಧ ಜೈಲಿಗೆ ಕಳಿಸುವ ಅಪರಾಧ. ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು, ಚೇನಿಯ ಮಾನವೂ ಹೋಗುತ್ತಿತ್ತು. ಹುಲಿಯ ಬಾಯಲ್ಲಿದ್ದವನಿಗೆ ದಡದಲ್ಲಿ ಕೂತು ಬುದ್ಧಿ ಹೇಳುವುದು ನಮ್ಮ ಕೆಲಸವಲ್ಲ. ಅವನ ಮೌನಕ್ಕೆ ಕಾರಣ ಇತ್ತು. ಆದರೆ ಕಾರಣ ಇದ್ದ ಮಾತ್ರಕ್ಕೆ ಮೌನದ ಪರಿಣಾಮ ಇಲ್ಲದೆ ಹೋಗುವುದಿಲ್ಲ.

ಪರಿಣಾಮ ಕ್ರೂರವಾಗಿಯೇ ಬಂತು. ಚೇನಿ ಸತ್ತಾಗ ಹೆಂಡತಿ ಕಳೆದುಕೊಂಡವನ ಹಾಗೆ ಊರೆದುರು ಅಳುವ ಹಕ್ಕು ಮ್ಯಾಥಿಸನ್‌ಗೆ ಇರಲಿಲ್ಲ. ಅವನು ಕೆಲಸಕ್ಕೆ ಬಿದ್ದ. 1947ರಲ್ಲಿ ಸಾಲ್ಜ್‌ಬರ್ಗ್, ಪ್ರಾಗ್ ನಗರಗಳಿಗೆ ಹೋಗಿ ಪಾಠ ಹೇಳಿದ. 1948ರಲ್ಲಿ ಪ್ರೋಗ್ರೆಸಿವ್ ಪಕ್ಷದ ಸಮಾವೇಶದಲ್ಲಿ ಹೆನ್ರಿ ವ್ಯಾಲೇಸ್‌ನ ಉಮೇದುವಾರಿಕೆಯನ್ನು ಅನುಮೋದಿಸಿದ. 1949ರಲ್ಲಿ ಶುರುವಾದ 'ಮಂತ್ಲಿ ರಿವ್ಯೂ' ಎಂಬ ಸಮಾಜವಾದಿ ಪತ್ರಿಕೆಗೆ ಬಂಡವಾಳ ಕೊಟ್ಟವನು ಇವನೇ. ಅದೇ ವರ್ಷ 'ಲೈಫ್' ಪತ್ರಿಕೆ ಕಮ್ಯುನಿಸ್ಟರ ಬಾಲಬಡುಕರು ಅಂತ ಹಂಗಿಸಿ ಅಚ್ಚು ಹಾಕಿದ ಐವತ್ತು ಭಾವಚಿತ್ರಗಳಲ್ಲಿ ಇವನದೂ ಇತ್ತು. 1950ರ ಏಪ್ರಿಲ್ 1ರಂದು ಬಾಸ್ಟನ್ನಿನ ಒಂದು ಹೋಟೆಲಿನಲ್ಲಿ ಅವನು ತನ್ನ ಜೀವ ತಾನೇ ತೆಗೆದುಕೊಂಡ. ಬರೆದಿಟ್ಟ ಚೀಟಿಯಲ್ಲಿ ತನ್ನ ಖಿನ್ನತೆಯ ಮಾತೂ ಇತ್ತು, ಲೋಕದ ಸ್ಥಿತಿಯ ಮಾತೂ ಇತ್ತು.

ಶೀತಲ ಸಮರ ಅವನನ್ನು ಕೊಂದಿತು ಅಂತ ಎಡಪಂಥದ ಗೆಳೆಯರು ಹೇಳಿದರು. ಇಲ್ಲ, ಅದು ಅವನ ಖಾಸಗಿ ರೋಗ ಅಂತ ಇನ್ನು ಕೆಲವರು ಹೇಳಿದರು. ಎರಡೂ ಕಡೆಯವರು ಸಾವನ್ನು ಸೀಳಿ ತಮಗೆ ಬೇಕಾದ ಅರ್ಧ ತಗೊಂಡರು. ನಾವು ವೈದ್ಯರಲ್ಲ, ಖಿನ್ನತೆ ಎಲ್ಲಿಂದ ಬಂತು ಅಂತ ತೀರ್ಪು ಕೊಡುವುದಿಲ್ಲ. ಬಹಿರಂಗವಾಗಿ ಪ್ರೀತಿಸಿದವರಿಗೂ, ಬೇಕಾದಷ್ಟು ಇದ್ದವರಿಗೂ ಆ ಕಾಯಿಲೆ ಬರುತ್ತದೆ. ಆದರೆ ಕಾಯಿಲೆ ಬಂದವನ ಕೈ ಹಿಡಿಯಲು ಯಾರಿದ್ದಾರೆ ಎಂಬುದನ್ನು ತೀರ್ಮಾನಿಸುವುದು ಸಮಾಜ. ಚಳವಳಿಯ ಗೆಳೆಯರ ನಡುವೆ ಇದ್ದೂ ಇಪ್ಪತ್ತು ವರ್ಷದ ಸಂಗಾತಿಯನ್ನು ಕಳೆದುಕೊಂಡೆ ಅಂತ ಒಬ್ಬ ಬಾಯಿಬಿಟ್ಟು ಹೇಳಿಕೊಳ್ಳಲಾರ ಅಂದರೆ, ಆ ಚಳವಳಿಯಲ್ಲಿ ಏನೋ ಕಡಿಮೆ ಇತ್ತು ಅಂತಲೇ ಅರ್ಥ.

ಈ ಕೊರತೆ ನಮ್ಮಲ್ಲೂ ಇದೆ, ಗೆಳೆಯರೇ. ಸಲಿಂಗ ಪ್ರೇಮ ಪಶ್ಚಿಮದ ಶೋಕಿ, ಬೂರ್ಜ್ವಾ ಚಟ ಅಂತ ಪ್ರಗತಿಪರರ ಬಾಯಲ್ಲೇ ಕೇಳಿದ್ದೇವೆ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಒಪ್ಪಿತ ವಯಸ್ಕರ ಪ್ರೀತಿ ಅಪರಾಧವಲ್ಲ ಎಂದು ಹೇಳಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಸಮಾಜದ ನೀತಿ ನಂಬಿಕೆಗಳಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎಂದು ತೀರ್ಮಾನಿಸುವಂತಿಲ್ಲ. ಆದರೆ ಹಾಸ್ಟೆಲಿನ ಹುಡುಗನಿಗೆ ಕಾಯಿದೆ ಪುಸ್ತಕ ಸಿಗುವುದಿಲ್ಲ, ಸಿಗುವವರು ಮೇಷ್ಟರು. ಅವನು ಇನ್ನೊಬ್ಬ ಹುಡುಗನನ್ನು ಮೆಚ್ಚಿದ್ದು ಗೊತ್ತಾದರೆ ಅದನ್ನು ಕಾಯಿಲೆ ಅನ್ನಬೇಡಿ, ದೇವರ ಗುಡಿಗೂ ಮಂತ್ರವಾದಿಗೂ ಒಯ್ಯಬೇಡಿ. ಅವನು ಊಟ ಬಿಟ್ಟಿದ್ದರೆ, ನಿದ್ದೆ ಕಳೆದುಕೊಂಡಿದ್ದರೆ, ಸಾಯುವ ಮಾತಾಡಿದರೆ ಅದು ಬೇರೆ ಸಂಗತಿ. ಆಗ ಜೊತೆಗೆ ಕೂತು, ಕರಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ. ಈ ಎರಡನ್ನೂ ಬೇರೆ ಮಾಡಿ ನೋಡುವಷ್ಟು ತಿಳಿವು ಮ್ಯಾಥಿಸನ್‌ನ ಸುತ್ತ ಇದ್ದವರಿಗೆ ಇರಲಿಲ್ಲ.

'ಅಮೆರಿಕನ್ ರಿನೈಸಾನ್ಸ್' ಸಿಕ್ಕರೆ ಓದಿ. ಪತ್ರಗಳ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ವಿಮರ್ಶಕನೊಬ್ಬ ತನ್ನ ಬದುಕನ್ನು ಬಾಗಿಲ ಹೊರಗೆ ಬಿಟ್ಟು ಬಂದರೆ ಎಷ್ಟು ದೊಡ್ಡ ಪುಸ್ತಕ ಬರೆಯಬಹುದು, ಅದರಲ್ಲಿ ಎಷ್ಟು ದೊಡ್ಡ ತೂತು ಉಳಿಯುತ್ತದೆ ಎರಡೂ ಗೊತ್ತಾಗುತ್ತೆ. ನಮ್ಮ ವಿಮರ್ಶೆ ಹುಟ್ಟಿದ್ದೇ ಹೊರಗೆ ನಿಂತವರಿಂದ. ಹೊರಗೆ ಇನ್ನೂ ಯಾರು ಯಾರು ನಿಂತಿದ್ದಾರೆ ಅಂತ ತಿರುಗಿ ನೋಡುವ ಜವಾಬ್ದಾರಿ ಮೊದಲು ನಮ್ಮದೇ.