ರಾತ್ರಿಗೆ ಹತ್ತು ಸಲ

ಮಳೆಗಾಲದಲ್ಲಿ ಅರಳಸುರಳಿ ಕಡೆ ಕರೆಂಟು ಹೋದರೆ ಓದುವುದಕ್ಕೆ ಹಗಲೊಂದೇ ಗತಿ. ಅಂಥದೊಂದು ವಾರ ನಾನು ಪಿರಮಿಡ್ಡು ಕಟ್ಟಿದ ಕಾಲದ ಈಜಿಪ್ಟಿನ ಮಕ್ಕಳ ಬಗ್ಗೆ ಓದುತ್ತಿದ್ದೆ. ಗೋರಿಗಳ ಗೋಡೆಯ ಮೇಲೆ ಅವರು ಬೇಕಾದಷ್ಟು ಸಿಗುತ್ತಾರೆ: ಬೋಳಿಸಿದ ತಲೆಯ ಒಂದು ಪಕ್ಕಕ್ಕೆ ಇಳಿಬಿಟ್ಟ ಜಡೆ, ಬರಿಮೈ, ಬಾಯಿಯ ಹತ್ತಿರ ಬೆರಳು. ಆದರೆ ಅದು ಬಾಲ್ಯವಲ್ಲ, ಬಾಲ್ಯದ ಗುರುತು ಅಷ್ಟೆ. ಗೀಜಾದಲ್ಲಿ ಸಿಕ್ಕ ಸೆನೆಬ್ ಎಂಬ ಕುಳ್ಳ ಅಧಿಕಾರಿಯ ಕುಟುಂಬದ ಶಿಲ್ಪ ಈಗ ಕೈರೋದಲ್ಲಿದೆ. ಅವನು ಕಾಲು ಮಡಚಿ ಕೂತಿದ್ದಾನೆ. ಬೇರೆಯವರ ಶಿಲ್ಪದಲ್ಲಿ ಕಾಲುಗಳು ಇಳಿಬೀಳುವ ಜಾಗದಲ್ಲಿ ಇಬ್ಬರು ಮಕ್ಕಳು ನಿಂತಿದ್ದಾರೆ. ಶಿಲ್ಪಿಯ ಜಾಣತನ ಮೆಚ್ಚಬೇಕಾದ್ದೇ. ಆದರೂ ಮಕ್ಕಳು ಅಲ್ಲಿರುವುದು ಅಪ್ಪ ಬಿಟ್ಟ ಜಾಗ ತುಂಬುವುದಕ್ಕೆ.

ಆ ಕಾಲದ ಮಗುವಿನ ಮಾತೇ ಕೇಳಬೇಕೆಂದರೆ ಅಸ್ವಾನಿನ ಗುಡ್ಡದಲ್ಲಿರುವ ಹರ್ಖುಫನ ಗೋರಿಗೆ ಹೋಗಬೇಕು. ಖುಫುವಿನ ಮಹಾಪಿರಮಿಡ್ಡು ಎದ್ದು ಸುಮಾರು 300 ವರ್ಷ ಕಳೆದಿತ್ತು. ಸಿಂಹಾಸನದ ಮೇಲೆ ಎರಡನೆಯ ಪೆಪಿ ಎಂಬ ಬಾಲಕ. ದಕ್ಷಿಣದ ದೂರದೇಶಕ್ಕೆ ಹೋಗಿದ್ದ ಹರ್ಖುಫ್, ಕುಣಿಯಬಲ್ಲ ಒಬ್ಬ ಕುಳ್ಳನನ್ನು ಕರೆತರುತ್ತಿರುವುದಾಗಿ ಬರೆದಿದ್ದ. ಅದಕ್ಕೆ ರಾಜನ ಉತ್ತರ: ಬೇಗ ಬಾ, ಅವನನ್ನು ಜೀವಂತ ತಾ. ದೋಣಿಯಲ್ಲಿ ಅವನು ನೀರಿಗೆ ಬೀಳದಂತೆ ಸುತ್ತ ನಂಬಿಕಸ್ಥರನ್ನು ನಿಲ್ಲಿಸು. ಮಲಗಿದಾಗಲೂ ಪಕ್ಕದಲ್ಲಿ ಜನ ಮಲಗಿರಲಿ, ರಾತ್ರಿಗೆ ಹತ್ತು ಸಲ ನೋಡಿಕೊಳ್ಳಲಿ. ಸಿನಾಯ್ ಗಣಿಯ ಸಂಪತ್ತಿಗಿಂತ ನನಗೆ ಅವನನ್ನು ನೋಡುವ ಆಸೆ.

ಇದನ್ನು ಕಲ್ಲಿಗೆ ಹಾಕಿಸಿದವನು ಹರ್ಖುಫ್, ತನ್ನ ಹಿರಿಮೆಗಾಗಿ. ಪತ್ರ ಬರೆದ ಕೈ ಅರಮನೆಯ ಲಿಪಿಕಾರನದೇ ಇರಬೇಕು. ಆದರೂ ಆ 'ಹತ್ತು ಸಲ' ಯಾವ ಲಿಪಿಕಾರನ ಬುದ್ಧಿಗೂ ಹೊಳೆಯುವ ಮಾತಲ್ಲ. ಆಡಳಿತಕ್ಕೆ ಬೇಡದ, ಆತಂಕಕ್ಕೆ ಮಾತ್ರ ಬೇಕಾದ ಲೆಕ್ಕ ಅದು. ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಇದೇ ಪೆಪಿ ತಾಯಿಯ ತೊಡೆಯ ಮೇಲೆ ಪುಟ್ಟ ದೊರೆಯಾಗಿ ಕೂತಿದ್ದಾನೆ; ಅಲ್ಲಿ ಮಗುವಿನ ಮೈಯಳತೆ ಬಿಟ್ಟರೆ ಮಗುವಿನದು ಇನ್ನೇನೂ ಇಲ್ಲ.

ಓದುತ್ತ ನನಗೆ ನೆನಪಾದದ್ದು ನಮ್ಮದೇ ಸೀಮೆಯ ಇನ್ನೊಬ್ಬ ಹುಡುಗ. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ 'ಘಟಶ್ರಾದ್ಧ'ದ ನಾಣಿ. 1977ರಲ್ಲಿ ಇದೇ ತಾಲೂಕಿನ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ವೇದ ಕಲಿಯಲು ಉಡುಪರ ಮನೆಗೆ ಬಂದ ನಾಣಿಯೂ ಯಮುನಕ್ಕನನ್ನು ಕಾಯುತ್ತಾನೆ. ಕತ್ತಲೆಗೆ ಹೆದರುತ್ತಲೇ ಅವಳ ಬೆನ್ನಿಗೆ ಹೋಗುತ್ತಾನೆ. ಪೆಪಿಗೆ ಆಸೆಯೂ ಅಪ್ಪಣೆಯೂ ಒಂದೇ. ನಾಣಿಗೆ ಅಪ್ಪಣೆ ಮಾಡಲು ಯಾರೂ ಇಲ್ಲ. ಅವನ ಕಾವಲಿನಿಂದ ಯಮುನಕ್ಕನ ಬಹಿಷ್ಕಾರ ತಪ್ಪುವುದಿಲ್ಲ.

ನಾಣಿಯನ್ನು 'ಮುಗ್ಧ ಸಾಕ್ಷಿ' ಎಂದು ಕರೆಯುವುದು ನಮ್ಮ ವಿಮರ್ಶೆಗೆ ರೂಢಿಯಾಗಿಬಿಟ್ಟಿದೆ. ಪರೀಕ್ಷೆಯ ಉತ್ತರಪತ್ರಿಕೆಗೂ ಅದೇ ಸಾಕು. ನನಗೆ ಮಾತ್ರ ಅದು ಸೆನೆಬ್‌ನ ಶಿಲ್ಪದ ಮಕ್ಕಳನ್ನು ನೋಡಿದ ಹಾಗೆ ಅನಿಸುತ್ತದೆ: ದೊಡ್ಡವರ ಕಥೆಯಲ್ಲಿ ಖಾಲಿ ಬಿದ್ದ ಜಾಗಕ್ಕೆ ಒಬ್ಬ ಹುಡುಗ. ನಾಣಿ ಬರೀ ಕಣ್ಣಲ್ಲ. ಮನೆ ಬಿಟ್ಟು ಬಂದ ಹುಡುಗನಿಗೆ ಯಮುನಕ್ಕ ಬೇಕು, ತನ್ನ ಸಲುವಾಗಿಯೇ ಬೇಕು. ಆ ಬೇಕು ಎಂಬುದರಲ್ಲಿ ಒಂದಿಷ್ಟು ಸ್ವಾರ್ಥವಿದೆ, ಪೆಪಿಯಲ್ಲಿ ಇದ್ದ ಹಾಗೇ. ಅದನ್ನು ತೆಗೆದುಹಾಕಿ ಅವನನ್ನು ಶುದ್ಧ ಮಾಡಿದರೆ ಮಗು ಕೈತಪ್ಪುತ್ತದೆ.

ಇನ್ನೊಂದು ಮಾತು. ಎರಡು ಕಡೆಯೂ ಕಾಯಿಸಿಕೊಳ್ಳುವವರು ಬೇರೆಯವರ ತೀರ್ಮಾನದ ಕೈಯಲ್ಲಿದ್ದಾರೆ. ಯಮುನಕ್ಕನ ದುಃಖ ನಾಣಿಯ ಹತ್ತಿರ ನಿಂತ ನಮಗೆ ತಟ್ಟುತ್ತದೆ. ದೋಣಿಯಲ್ಲಿ ಬಂದ ಆ ಕುಳ್ಳನ ಹೆಸರು ಮಾತ್ರ ಹರ್ಖುಫನ ಗೋಡೆಯ ಮೇಲಿಲ್ಲ. ಅವನಿಗೆ ಕುಣಿಯುವ ಮನಸ್ಸಿತ್ತೇ ಎಂದು ರಾಜ ಕೇಳಿಲ್ಲ. ಹತ್ತು ಸಲ ದೀಪ ಹಿಡಿದು ಬಂದು ನೋಡುವವರ ನಡುವೆ ಅವನು ನಿದ್ದೆ ಹೇಗೆ ಮಾಡಿದನೋ.