ಮುಖದ ನೂರ್ ಮತ್ತು ಕೆಂಪು ದೀಪ

ಉರ್ದುವಿನಲ್ಲಿ ಬೆಳಕಿಗೆ ರೋಶನಿ ಎಂಬ ಪದವಿದೆ, ನೂರ್ ಎಂಬ ಪದವೂ ಇದೆ. ರೋಶನಿ ದೀಪದಿಂದ ಬರುತ್ತದೆ, ಕರೆಂಟು ಹೋದರೆ ಹೋಗುತ್ತದೆ. ನೂರ್ ಹಾಗಲ್ಲ. ಹಿಂದಿನವರು ಯಾರದಾದರೂ ಮುಖದ ಮೇಲೆ ನೂರ್ ಇದೆ ಎಂದರೆ ಅದು ಚರ್ಮದ ಬಣ್ಣದ ಮಾತಾಗಿರಲಿಲ್ಲ. ಐದು ಹೊತ್ತಿನ ನಮಾಜು, ಹಲಾಲಿನ ಅನ್ನ, ಯಾರನ್ನೂ ನೋಯಿಸದ ನಾಲಗೆ, ಇವೆಲ್ಲ ಸೇರಿ ಮುಖಕ್ಕೆ ಕೊಟ್ಟ ಕಳೆಯ ಮಾತಾಗಿತ್ತು. ಇದ್ದಿಲಿನ ಬಣ್ಣದ ಮುದುಕರನ್ನು ನೋಡಿಯೂ ಹಾಗೆ ಹೇಳುತ್ತಿದ್ದರು. ಕನ್ನಡದ 'ಮುಖದ ಕಳೆ' ಇದಕ್ಕೆ ಬಹಳ ಹತ್ತಿರದ ಮಾತು.

ಈಗ ಈ ಕಳೆಯನ್ನೇ ಮಾರುವವರು ಬಂದಿದ್ದಾರೆ. ಪ್ಲಾಸ್ಟಿಕ್ಕಿನದೋ ಸಿಲಿಕಾನಿನದೋ ಒಂದು ಮುಖವಾಡ, ಒಳಮೈಯಲ್ಲಿ ಸಾಲು ಸಾಲು ಎಲ್‌ಇಡಿ ದೀಪಗಳು. ಹತ್ತಿಪ್ಪತ್ತು ನಿಮಿಷ ಕೆಂಪು ಬೆಳಕಿನಲ್ಲಿ ಮುಖವಿಟ್ಟರೆ ಸುಕ್ಕು ಹೋಗುತ್ತದೆ, ಮೊಡವೆ ಮಾಯುತ್ತದೆ, ಕಾಂತಿ ಬರುತ್ತದೆ ಎಂಬ ಭರವಸೆ. ಬೆಲೆ ಕೆಲವು ಸಾವಿರದಿಂದ ಹಲವು ಹತ್ತು ಸಾವಿರ ರೂಪಾಯಿಗಳವರೆಗೆ. ದೊಡ್ಡ ಊರುಗಳ ಬ್ಯೂಟಿ ಪಾರ್ಲರುಗಳು ಇದನ್ನು ಮದುಮಗಳ ಪ್ಯಾಕೇಜಿಗೂ ಸೇರಿಸಿಕೊಂಡಿವೆ. ಕಥೆ ಕವಿತೆಗಳನ್ನು ಓದುವಷ್ಟೇ ಗಮನದಿಂದ ಜಾಹೀರಾತುಗಳನ್ನೂ ಓದಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಇವತ್ತು ಮನೆಮನೆಗೂ ತಲುಪುವ ಗದ್ಯವೆಂದರೆ ಅದೇ.

ಈ ಗದ್ಯದಲ್ಲಿ ನೊಬೆಲ್ ಪಡೆದ ಒಬ್ಬ ವೈದ್ಯರ ಹೆಸರು ಮತ್ತೆ ಮತ್ತೆ ಬರುತ್ತದೆ. 1860ರಲ್ಲಿ ಫೆರೋ ದ್ವೀಪಗಳಲ್ಲಿ ಹುಟ್ಟಿದ ನೀಲ್ಸ್ ಫಿನ್ಸೆನ್. ಅವರಿಗೆ 1903ರಲ್ಲಿ ಬಹುಮಾನ ಬಂದದ್ದು ನಿಜ. ಆದರೆ ಬಂದದ್ದು ಚರ್ಮದ ಕ್ಷಯಕ್ಕೆ ಕೇಂದ್ರೀಕರಿಸಿದ ಬೆಳಕಿನಿಂದ ಮಾಡಿದ ಚಿಕಿತ್ಸೆಗೆ. ಅಲ್ಲಿ ಅವರು ನೆಚ್ಚಿದ್ದು ನೀಲಿ, ನೇರಳೆ, ಅತಿನೇರಳೆಯ ಕಡೆಯ ಕಿರಣಗಳನ್ನು. ಕೆಂಪಿನಾಚೆಯ ಸುಡುವ ಕಿರಣಗಳನ್ನು ನೀರಿನ ಮೂಲಕ ಸೋಸಿ ತೆಗೆಯುತ್ತಿದ್ದರು. ಹಾಗಾದರೆ ಕೆಂಪು ಎಲ್ಲಿಂದ ಬಂತು? 1893ರ ಸುಮಾರಿಗೆ ಸಿಡುಬಿನ ರೋಗಿಗಳನ್ನು ಕೆಂಪು ಪರದೆಗಳ ಕೋಣೆಯಲ್ಲಿಡಬೇಕೆಂದು ಅವರು ಹೇಳಿದ್ದರು. ಕೆಂಪು ವಾಸಿ ಮಾಡುತ್ತದೆಂದಲ್ಲ, ಬೇರೆ ಕಿರಣಗಳು ಮುಖದ ಗುಳ್ಳೆಗಳನ್ನು ಕೆಣಕಿ ಕಲೆ ಉಳಿಸದಿರಲೆಂದು. ಫೋಟೋ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಕೆಂಪು ಬಲ್ಬು ಹಾಕುತ್ತಿದ್ದುದನ್ನು ನೋಡಿದವರಿಗೆ ಈ ತರ್ಕ ತಕ್ಷಣ ಹೊಳೆಯುತ್ತದೆ. ಜಾಹೀರಾತು ಬರೆದವರು ಪರದೆಯನ್ನು ತೆಗೆದುಕೊಂಡು ಅದನ್ನೇ ದೀಪ ಮಾಡಿದ್ದಾರೆ.

ಈ ವಿದ್ಯೆಯ ನಿಜವಾದ ಮೂಲ ಬುಡಾಪೆಸ್ಟಿನಲ್ಲಿದೆ. 1967ರಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಲೇಸರ್ ಕಿರಣದಿಂದ ಕ್ಯಾನ್ಸರ್ ಬರಬಹುದೇ ಎಂದು ನೋಡಲು ಇಲಿಗಳ ಬೆನ್ನು ಬೋಳಿಸಿ ಮಾಣಿಕ್ಯದ ಲೇಸರಿನ ಕೆಂಪು ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ, ಕೂದಲು ಮಾತ್ರ ಬೇಗ ಬೆಳೆಯಿತು. ಇಷ್ಟು ಸೊಗಸಾದ ಕಥೆಯನ್ನು ಮಾರಾಟಗಾರರು ಯಾಕೆ ಹೆಚ್ಚು ಬಳಸುವುದಿಲ್ಲವೋ ತಿಳಿಯದು. ಬಹುಶಃ ಬೋಳು ಇಲಿಯ ಪಕ್ಕದಲ್ಲಿ ಮದುಮಗಳ ಚಿತ್ರ ಹಾಕಲಾಗದು.

ದೀಪದಲ್ಲಿ ಏನೂ ಇಲ್ಲವೆಂದು ನಾವು ಹೇಳುತ್ತಿಲ್ಲ. 630ರಿಂದ 660 ನ್ಯಾನೊಮೀಟರಿನ ಕೆಂಪು ಬೆಳಕು ಚರ್ಮದೊಳಕ್ಕೆ ಸ್ವಲ್ಪ ಇಳಿಯುತ್ತದೆ, 830ರ ಆಸುಪಾಸಿನ ಕಣ್ಣಿಗೆ ಕಾಣದ ಕಿರಣ ಇನ್ನೂ ಒಳಕ್ಕೆ. ಜೀವಕೋಶಗಳ ಮೈಟೋಕಾಂಡ್ರಿಯಾದ ಒಂದು ಕಿಣ್ವ ಅದನ್ನು ಹೀರಿಕೊಂಡು ಕೋಶವನ್ನು ಚುರುಕಾಗಿಸುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಜರ್ಮನಿಯಲ್ಲಿ 136 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆರಡು ಬಾರಿ ಬೆಳಕು ಪಡೆದವರ ಸಣ್ಣ ಸುಕ್ಕುಗಳು ಕಡಿಮೆಯಾಗಿ ಕೊಲಾಜನ್ ಹೆಚ್ಚಿದ್ದು ಕಂಡಿತ್ತು. ಆದರೆ ಈ ಬೆಳಕಿಗೂ ಔಷಧದಂತೆ ಪ್ರಮಾಣವಿದೆ. ಕಡಿಮೆಯಾದರೆ ಏನೂ ಆಗದು, ಅತಿಯಾದರೆ ಬಂದ ಲಾಭವೂ ಇಳಿಯುತ್ತದೆ. ಎಷ್ಟೋ ಅಗ್ಗದ ಮುಖವಾಡಗಳ ಡಬ್ಬಿಯ ಮೇಲೆ ದೀಪಗಳ ಸಂಖ್ಯೆ ದೊಡ್ಡದಾಗಿ ಇರುತ್ತದೆ, ಚರ್ಮಕ್ಕೆ ತಲುಪುವ ಶಕ್ತಿ ಎಷ್ಟೆಂಬುದು ಇರುವುದಿಲ್ಲ. ಎಷ್ಟು ಮಿಲಿಗ್ರಾಂ ಎಂದು ಹೇಳದೆ ಮಾತ್ರೆ ಮಾರಿದರೆ ನಾವು ಕೊಳ್ಳುತ್ತೇವೆಯೇ? ಅಮೆರಿಕದ ಎಫ್‌ಡಿಎ ಒಪ್ಪಿದೆ ಎಂಬ ಮುದ್ರೆಯೂ ಹಾಗೆಯೇ. ಇಂಥ ಬಹುತೇಕ ಸಾಧನಗಳಿಗೆ ಅದು ಕೊಡುವುದು, ಈಗಾಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದಕ್ಕೆ ಇದು ಸಮಾನವಾಗಿದೆ ಎಂಬ ತೀರುವಳಿಯನ್ನು. ಹೊಸ ಔಷಧದಂತೆ ಪರೀಕ್ಷಿಸಿ ಕೊಡುವ ಅನುಮೋದನೆ ಬೇರೆ. ಕಣ್ಣಿನ ಮಾತೂ ಇದೆ. 2019ರಲ್ಲಿ ನ್ಯೂಟ್ರೋಜಿನಾ ಕಂಪನಿ ಕೆಂಪು, ನೀಲಿ ಬೆಳಕಿನ ತನ್ನ ಮೊಡವೆ ಮುಖವಾಡವನ್ನು, ಕೆಲವು ಕಣ್ಣಿನ ಕಾಯಿಲೆಯವರಿಗೆ ಅಪಾಯವಾಗಬಹುದೆಂದು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು.

ಇದಕ್ಕಿಂತ ದೊಡ್ಡ ವಿಷಯ ಬಣ್ಣದ್ದು. ಕೆಂಪು ಬೆಳಕು ಯಾರನ್ನೂ ಬೆಳ್ಳಗಾಗಿಸುವುದಿಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಬಿಳಿಯರ ಚರ್ಮ ಪ್ರತಿ ಚದರ ಸೆಂಟಿಮೀಟರಿಗೆ 480 ಜೂಲ್ ಕೆಂಪು ಬೆಳಕನ್ನು ತಡೆದರೆ, ಬಣ್ಣದ ಚರ್ಮ ಸುರಕ್ಷಿತವಾಗಿ ತಡೆಯುವುದು 320 ಜೂಲ್ ಎಂದು ಕಂಡಿತು. ಮನೆಯ ಮುಖವಾಡಗಳು ಈ ಪ್ರಮಾಣದ ಹತ್ತಿರವೂ ಬರುವುದಿಲ್ಲ, ಹೆದರಬೇಕಿಲ್ಲ. ಆದರೆ ಮೆಲನಿನ್ ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಒಂದೇ ದೀಪ ಎಲ್ಲರ ಮೇಲೂ ಒಂದೇ ಅಲ್ಲ ಎಂಬುದು ಇದರಿಂದ ಸ್ಪಷ್ಟ. ಶಾಖ ಹೊರಡಿಸುವ ದೀಪವಾದರಂತೂ ಬಂಗು ಇರುವ ಮುಖದಲ್ಲಿ ಅದು ಹೆಚ್ಚಬಹುದು. ಬಂಗು ಇರುವ ಹೆಂಗಸರೇ ಈ ದೀಪದ ಕಡೆ ಆಸೆಯಿಂದ ನೋಡುವವರು ಎಂಬುದು ಎಂಥ ವ್ಯಂಗ್ಯ!

ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು, 2020ರಲ್ಲಿ ಅದರ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಬಿಳುಪಿನ ಜಾಗದಲ್ಲಿ ಕಾಂತಿ ಬಂದು ಕೂತಿತು, ಕೊಳ್ಳುವವರ ಮನಸ್ಸಿನಲ್ಲಿ ಎರಡಕ್ಕೂ ಅರ್ಥ ಒಂದೇ. ಕೆಂಪು ದೀಪದ ಜಾಹೀರಾತು ಬಿತ್ತುವುದು ಈ ಹದ ಮಾಡಿದ ನೆಲದಲ್ಲಿ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡು, ವೈದ್ಯರು ಪಾದರಸದ ಕಡೆ ಬೆರಳು ಮಾಡಿದರು. ಅದಕ್ಕೆ ಹೋಲಿಸಿದರೆ ಈ ದೀಪ ಎಷ್ಟೋ ಸಾಧು. ಆದರೆ ಎರಡರ ಗಿರಾಕಿಯೂ ಅದೇ ಹುಡುಗಿ.

ಆ ಹುಡುಗಿಯನ್ನು ತಯಾರು ಮಾಡುವುದರಲ್ಲಿ ಭಾಷೆಯ ಪಾಲೂ ಇದೆ. ನಮ್ಮ ಮನೆಗಳ ಉರ್ದುವಿನಲ್ಲಿ ಬೆಳ್ಳಗಿರುವವಳದು 'ಸಾಫ್ ರಂಗ್', ಅಂದರೆ ಶುಚಿಯಾದ ಬಣ್ಣ. ಉಳಿದವರದು ಕೊಳೆಯೇ? ಕಪ್ಪಗಿರುವವಳದು 'ದಬ್ತಾ ಹುವಾ ರಂಗ್', ಒತ್ತಿಹೋದ ಬಣ್ಣ. ಯಾರು ಒತ್ತಿದ್ದು? ಮಿಲಾದಿನ ವೇದಿಕೆಯಲ್ಲಿ ಹಬಶಿ ಬಿಲಾಲರ ಅಜಾನಿನ ಕಥೆ ಕೇಳಿ ಕಣ್ಣೊರೆಸಿಕೊಳ್ಳುವ ಅದೇ ಸಭಿಕರು ಹೆಣ್ಣು ನೋಡಲು ಹೋದ ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಹಾಕಿಸುತ್ತಾರೆ. ಕಪ್ಪಿಗೆ ಬಿಳುಪಿನ ಮೇಲಾಗಲಿ ಬಿಳುಪಿಗೆ ಕಪ್ಪಿನ ಮೇಲಾಗಲಿ ಹೆಚ್ಚುಗಾರಿಕೆಯಿಲ್ಲವೆಂಬ ಪ್ರವಾದಿವರ್ಯರ ವಿದಾಯದ ಮಾತು ಖುತ್ಬಾಗಳಲ್ಲಿ ಉಳಿದಿದೆ, ಬ್ರೋಕರನ ಡೈರಿಯೊಳಗೆ ಇಳಿದಿಲ್ಲ. ಲೈಲಾ ಎಂಬ ಹೆಸರಿಗೂ ರಾತ್ರಿಗೂ ಅರಬ್ಬಿಯಲ್ಲಿ ನಂಟಿದೆ. ಮಜ್ನೂನನ ಪ್ರೇಯಸಿ ಕಪ್ಪಗಿದ್ದಳೆಂದು ಹೇಳುವ ಕಥೆಗಳೂ ಇವೆ. ಹಿಂದಿ ಚಿತ್ರಗಳ ಲೈಲಾ ಮಾತ್ರ ಯಾವತ್ತೂ ಗೋರಿ.

ಇನ್ನೊಂದು ಸಂಗತಿ ಹೇಳಬೇಕು. ಈ ಬೆಳಕಿನ ಉಪಯೋಗಗಳಲ್ಲಿ ಗಟ್ಟಿ ಆಧಾರವಿರುವುದೊಂದು ಸೌಂದರ್ಯಕ್ಕೆ ಸೇರಿದ್ದೇ ಅಲ್ಲ. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರ ಬಾಯಿ ಹುಣ್ಣಾಗಿ ಗುಟುಕು ನೀರೂ ಇಳಿಯದಾಗುತ್ತದೆ. ಅದನ್ನು ತಡೆಯಲು ಕಡಿಮೆ ಶಕ್ತಿಯ ಕೆಂಪು ಲೇಸರ್ ಬಳಸಬಹುದೆಂದು ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಗುಟ್ಕಾ, ಹೊಗೆಸೊಪ್ಪಿನ ನಮ್ಮ ನಾಡಿನಲ್ಲಿ ಅಂಥ ರೋಗಿಗಳಿಗೆ ಬರವಿಲ್ಲ. ಅವರ ಚಿತ್ರ ಹಾಕಿದ ಕೆಂಪು ದೀಪದ ಜಾಹೀರಾತನ್ನು ನಾವು ಈವರೆಗೆ ಒಂದನ್ನೂ ನೋಡಿಲ್ಲ.