ಉಗಿ ಎಂಜಿನ್ನಿನ ಚಿತ್ರವೂ ವ್ಯಾಪಾರಚಿಹ್ನೆಯ ಹಕ್ಕೂ

2004ರಲ್ಲಿ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿಯು, ಮಾದರಿ ರೈಲುಗಳನ್ನು ತಯಾರಿಸುವ ಲಯನೆಲ್ ಮತ್ತು ಆಥರ್ನ್ ಎಂಬ ಸಂಸ್ಥೆಗಳ ಮೇಲೆ ದಾವೆ ಹೂಡಿತು. ತನ್ನ ಹೆಸರು ಲಾಂಛನಗಳನ್ನು ಮಾತ್ರವಲ್ಲದೆ, ತನ್ನಲ್ಲಿ ವಿಲೀನವಾಗಿ ಹೋದ ಸದರ್ನ್ ಪೆಸಿಫಿಕ್, ವೆಸ್ಟರ್ನ್ ಪೆಸಿಫಿಕ್, ಮಿಸೂರಿ ಪೆಸಿಫಿಕ್ ಮೊದಲಾದ ಹಳೆಯ ರೈಲ್ವೆಗಳ ಹೆಸರುಗಳನ್ನೂ ಅನುಮತಿಯಿಲ್ಲದೆ ಮಾದರಿಗಳ ಮೇಲೆ ಬರೆಯಕೂಡದೆಂಬುದು ಅದರ ವಾದವಾಗಿತ್ತು. ಮೇಲುನೋಟಕ್ಕೆ ಇದು ವರ್ತಕರ ವ್ಯಾಜ್ಯ. ಆದರೆ ಇತಿಹಾಸಕ್ಕೆ ಸೇರಿದ ವಸ್ತುವನ್ನು ಯಥಾವತ್ತಾಗಿ ಚಿತ್ರಿಸುವ ಅಧಿಕಾರ ಯಾರದೆಂಬ ಪ್ರಶ್ನೆ ಇದರೊಳಗೆ ಅಡಗಿರುವುದರಿಂದ ನಾವು ಇದನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಪೇಟೆಂಟಿಗೂ ಕೃತಿಸ್ವಾಮ್ಯಕ್ಕೂ ಅವಧಿಯುಂಟು; ವ್ಯಾಪಾರಚಿಹ್ನೆಗೆ ಅದಿಲ್ಲ. ಬಳಕೆಯಲ್ಲಿರುವವರೆಗೆ ಅದನ್ನು ನವೀಕರಿಸುತ್ತ ಹೋಗಬಹುದು. ಕಾಯಿದೆಯು ಇಷ್ಟು ಉದಾರವಾಗಿರುವುದಕ್ಕೆ ಕಾರಣ ಸ್ಪಷ್ಟ: ಚಿಹ್ನೆಯ ಕೆಲಸ ಬಲು ಕಿರಿದು. ಸರಕು ಯಾರಿಂದ ಬಂದಿತೆಂದು ಕೊಳ್ಳುವವನಿಗೆ ತಿಳಿಸುವುದಷ್ಟೇ ಅದರ ಹೊಣೆ. ಇಷ್ಟು ಕಿರಿದಾದ ಕೆಲಸಕ್ಕೆ ಕೊಟ್ಟ ಅವಧಿಯಿಲ್ಲದ ಹಕ್ಕನ್ನು ಗತಕಾಲದ ಚಿತ್ರಗಳ ಮೇಲೆ ಹರಡುವುದು ಸಾಧುವೇ?

ಉಗಿ ಎಂಜಿನ್ನಿನ ಹಿಂದೆ ನೀರನ್ನೂ ಇಂಧನವನ್ನೂ ಹೊತ್ತು ಬರುವ ಟೆಂಡರಿನ ಪಕ್ಕದಲ್ಲಿ ಕಂಪನಿಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ. ನಿಜವಾದ ಎಂಜಿನ್ನಿನ ಮೇಲೆ ಅದು ಒಡೆತನದ ಗುರುತು. ಅದರ ಮಾದರಿಯ ಮೇಲಾದರೋ ಅದು ಒಂದು ಐತಿಹಾಸಿಕ ಸಂಗತಿ. ಆ ಅಕ್ಷರಗಳನ್ನು ಅಳಿಸಿದ ಮಾದರಿ ಸುಳ್ಳು ಮಾದರಿಯಾಗುತ್ತದೆ. ಶಾಸನವನ್ನು ನಕಲು ಮಾಡುವವನು ಅದರಲ್ಲಿರುವ ಅರಸನ ಹೆಸರನ್ನು ಬಿಟ್ಟಂತೆ. ಮಾದರಿಯನ್ನು ಕೊಳ್ಳುವ ಹವ್ಯಾಸಿಯು ಅದನ್ನು ರೈಲ್ವೆ ಕಂಪನಿಯೇ ತಯಾರಿಸಿತೆಂದು ಭ್ರಮಿಸುವುದಿಲ್ಲ. ತಯಾರಕರ ಹೆಸರು ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಕಂಪನಿಯು ಒಪ್ಪಿಗೆ ಕೊಟ್ಟಿರಬಹುದೆಂದು ಕೆಲವರು ಭಾವಿಸಿಯಾರು ಎಂಬ ಆಕ್ಷೇಪವು ಅಂಗಿ, ಟೋಪಿಗಳ ಮೇಲೆ ಲಾಂಛನವನ್ನು ಅಚ್ಚುಹಾಕಿ ಮಾರುವವರ ವಿಷಯದಲ್ಲಿ ತೂಕವುಳ್ಳದ್ದು. ಮಾದರಿಯ ವಿಷಯದಲ್ಲಿ ಅದಕ್ಕೆ ಆ ತೂಕವಿಲ್ಲವೆಂದು ನಮ್ಮ ಮತ.

ಮರೆಯಾದ ರೈಲ್ವೆಗಳ ಮಾತು ಇನ್ನೂ ವಿಚಿತ್ರವಾದುದು. ಅಮೆರಿಕದ ಕಾಯಿದೆಯ ಪ್ರಕಾರ ಸತತ ಮೂರು ವರ್ಷ ಬಳಸದೆ ಬಿಟ್ಟ ಚಿಹ್ನೆಯನ್ನು, ವಿರುದ್ಧ ಸಾಕ್ಷ್ಯವಿಲ್ಲದಿದ್ದರೆ, ತ್ಯಜಿಸಿದ್ದೆಂದೇ ಎಣಿಸಬೇಕು. ವೆಸ್ಟರ್ನ್ ಪೆಸಿಫಿಕ್ 1982ರಲ್ಲಿಯೇ ವಿಲೀನವಾಯಿತು. ಅಂಥ ಹೆಸರಿಗೆ ಉಳಿದಿರುವ ಬಳಕೆಯಾದರೂ ಯಾವುದು? ಆಟಿಕೆಗೂ ಅಂಗಿಗೂ ಕೊಡುವ ಪರವಾನಗಿಯೇ ಮುಖ್ಯವಾದ ಬಳಕೆಯಾಗಿಬಿಡುತ್ತದೆ. ಹಕ್ಕಿರುವುದರಿಂದ ಪರವಾನಗಿಯೋ, ಪರವಾನಗಿಯಿರುವುದರಿಂದ ಹಕ್ಕೋ ಎಂದು ತಾರ್ಕಿಕರು ಕೇಳಬಹುದು.

ಇದೇ ಕಂಪನಿಯ ಸುಪ್ರಸಿದ್ಧ ‘ಬಿಗ್ ಬಾಯ್’ ಎಂಜಿನ್ನುಗಳನ್ನು ನೋಡೋಣ. 1941ರಿಂದ 1944ರವರೆಗೆ ಇಂಥ 25 ಎಂಜಿನ್ನುಗಳು ತಯಾರಾದುವು. ಇವುಗಳನ್ನು ಕಟ್ಟಿದುದು ರೈಲ್ವೆಯಲ್ಲ, ಅಮೆರಿಕನ್ ಲೋಕೋಮೋಟಿವ್ ಕಂಪನಿ. ಆ ಕಾರ್ಖಾನೆಯ ಕೆಲಸಗಾರನೊಬ್ಬ ಎಂಜಿನ್ನಿನ ಮುಂಭಾಗದಲ್ಲಿ ಸೀಮೆಸುಣ್ಣದಿಂದ ಗೀಚಿದ ಎರಡು ಪದಗಳೇ ಅದರ ಹೆಸರಾಗಿ ನಿಂತುವೆಂದು ಪ್ರತೀತಿ. ಆತನ ಹೆಸರನ್ನು ಯಾರೂ ಬರೆದಿಡಲಿಲ್ಲ. ಈ ವರ್ಗದ ಎಂಟು ಎಂಜಿನ್ನುಗಳು ಉಳಿದಿವೆ. ಒಂದು ಸ್ಕ್ರ್ಯಾಂಟನ್ನಿನಲ್ಲಿ ಸರ್ಕಾರವೇ ರಕ್ಷಿಸಿರುವ ಚಾರಿತ್ರಿಕ ನಿವೇಶನದಲ್ಲಿದೆ. ಡೆನ್ವರ್, ಗ್ರೀನ್ ಬೇ ಮೊದಲಾದೆಡೆಯ ಸಂಗ್ರಹಾಲಯಗಳಲ್ಲಿ ಬೇರೆ ಕೆಲವಿವೆ. 4014ನೆಯದನ್ನು ಮಾತ್ರ ಕಂಪನಿಯು 2013ರಲ್ಲಿ ಮರಳಿ ಪಡೆದು, ಬಹಳ ಶ್ರಮದಿಂದ ದುರಸ್ತಿಮಾಡಿ 2019ರಲ್ಲಿ ಓಡಿಸಿತು. ಈ ಶ್ರಮ ಶ್ಲಾಘ್ಯವೇ ಸರಿ. ಉಗಿ ಎಂಜಿನ್ನನ್ನು ಜೀವಂತವಾಗಿಡಲು ಹಣ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂರಕ್ಷಣೆಯ ವೆಚ್ಚವು ಚಿತ್ರದ ಮೇಲಣ ಒಡೆತನಕ್ಕೆ ಆಧಾರವಾಗಲಾರದು. ಒಬ್ಬನು ಸ್ಕ್ರ್ಯಾಂಟನ್ನಿನ ಎಂಜಿನ್ನನ್ನು ನೋಡಿ ಬರೆದ ಚಿತ್ರಕ್ಕೆ 4014ರ ದುರಸ್ತಿಯಿಂದ ಬಂದ ಉಪಕಾರವೇನು?

ಈ ಪ್ರಶ್ನೆಗೆ ಹತ್ತಿರವಾದ ಒಂದು ತೀರ್ಪು ಉಂಟು. ಕ್ಲೀವ್‌ಲೆಂಡಿನ ಸಂಗೀತ ಸಂಗ್ರಹಾಲಯವೊಂದು ತನ್ನ ಕಟ್ಟಡದ ಆಕಾರವನ್ನೇ ಚಿಹ್ನೆಯಾಗಿ ನೋಂದಾಯಿಸಿ, ಅದರ ಛಾಯಾಚಿತ್ರವನ್ನು ಭಿತ್ತಿಪತ್ರವಾಗಿ ಮಾರುತ್ತಿದ್ದವನನ್ನು ತಡೆಯಲು ಹೋಯಿತು. 1998ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಕೆಳಗಿನ ನ್ಯಾಯಾಲಯದ ತಡೆಯಾಜ್ಞೆಯನ್ನು ರದ್ದುಪಡಿಸಿತು. ಭಿತ್ತಿಪತ್ರದಲ್ಲಿರುವ ಕಟ್ಟಡವು ಸರಕಿನ ಮೂಲವನ್ನು ಹೇಳುವ ಗುರುತಲ್ಲ, ಅದೇ ಚಿತ್ರದ ವಸ್ತು ಎಂಬುದು ಆ ತೀರ್ಪಿನ ತಿರುಳು. ನಮ್ಮ ದೇಶದಲ್ಲಿಯೂ 2017ರಲ್ಲಿ ಮುಂಬಯಿಯ ತಾಜ್ ಹೋಟೆಲಿನ ಕಟ್ಟಡದ ಚಿತ್ರವು ವ್ಯಾಪಾರಚಿಹ್ನೆಯಾಗಿ ನೋಂದಣಿಯಾಗಿರುವುದರಿಂದ ಈ ವಿವೇಚನೆ ನಮಗೆ ದೂರದ್ದಲ್ಲ.

ರೈಲು ಮಾದರಿಗಳ ವ್ಯಾಜ್ಯವು ಇಂಥ ತೀರ್ಪಿನವರೆಗೆ ಹೋಗಲಿಲ್ಲ. 2006ರಲ್ಲಿ ರಾಜಿಯಾಗಿ, ಮಾದರಿ ತಯಾರಕರಿಗೆ ಶುಲ್ಕವಿಲ್ಲದ ಶಾಶ್ವತ ಪರವಾನಗಿಯನ್ನು ಕೊಡಲು ಕಂಪನಿ ಒಪ್ಪಿತು. ಹವ್ಯಾಸಿಗಳು ಇದನ್ನು ಜಯವೆಂದೇ ಬಗೆದರು. ಆದರೆ ಉಚಿತವಾದ ಪರವಾನಗಿಯೂ ಪರವಾನಗಿಯೇ. ಅದನ್ನು ಸ್ವೀಕರಿಸಿದವನು ಕೊಡುವವನ ಹಕ್ಕನ್ನೂ ಒಪ್ಪಿದಂತಾಯಿತು.